ಕಟ್ಟಬೇಕೋ, ಬಿಚ್ಚಬೇಕೋ

ಅವರು ನನ್ನ ಬೆನ್ನ ಮೇಲೆ ಕೂತಲ್ಲಿಂದಲೇ ಶುರು ಮಾಡಬೇಕು. ಬೇರೆ ಯಾವ ಕಡೆಯಿಂದ ಹೊರಟರೂ ಆ ಮನುಷ್ಯ ನನಗೆ ಸಿಗುವುದಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎಸ್ಸಿ. ಓದುತ್ತಿದ್ದೆ. ಮೈಯಲ್ಲಿ ಮಾಂಸ ಇರಲಿಲ್ಲ, ಎದೆ ಹಲಗೆಯ ಹಾಗಿತ್ತು, ಕಾಲೇಜಿನ ಮೆಟ್ಟಿಲು ಹತ್ತಿದರೆ ಸಾಕು, ಏದುಸಿರು. ಡಾಕ್ಟರು ರೋಗವೇನೂ ಇಲ್ಲ ಅಂದಮೇಲೆ ನಮ್ಮಪ್ಪ ನನ್ನನ್ನು ಕಮರಿಪೇಟೆಯ ತಾಲೀಮಿಗೆ ಎಳೆದುಕೊಂಡು ಹೋದರು. ಅಲ್ಲಿ ಕುಸ್ತಿ ಕಲಿಸುವ ವಸ್ತಾದರ ಮುಂದೆ ನಿಲ್ಲಿಸಿ, "ಇವಗ ಜರಾ ದಮ್ ಬರೂಹಂಗ ಮಾಡ್ರಿ" ಎಂದು ಹೇಳಿ, ನನ್ನ ಮುಖವನ್ನೂ ನೋಡದೆ ಅಂಗಡಿಗೆ ಹೊರಟುಹೋದರು.

ವಸ್ತಾದರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಅಂಗಿ ತಗಿ, ಬೋರಲ ಮಲಕೋ" ಎಂದರು. ಕೆಮ್ಮಣ್ಣಿನ ಮೇಲೆ ಮಲಗಿದೆ. ಜೋಳದ ಚೀಲ ಇಳಿಸಿದಂತೆ ಅವರು ಧೊಪ್ಪನೆ ನನ್ನ ಬೆನ್ನ ಮೇಲೆ ಕೂತರು.

"ಹೆಸರೇನು ನಿಂದು?"

ಹೆಸರು ಹೇಳಲು ಒಳಗೆ ಗಾಳಿಯೇ ಇರಲಿಲ್ಲ. ಒಂದಿಷ್ಟು ಇದ್ದದ್ದು ಹೊರಗೆ ಹೋಯಿತು, ಮತ್ತೆ ತುಂಬಿಕೊಳ್ಳೋಣವೆಂದರೆ ಎದೆ ಮೇಲೇಳಲಿಲ್ಲ. ಕಣ್ಣಿಗೆ ಕತ್ತಲೆ ಬಂತು. ಸತ್ತೆ ಅಂದುಕೊಂಡೆ. ಅಪ್ಪ ಇಷ್ಟು ಹೊತ್ತಿಗೆ ಅಂಗಡಿ ಬಾಗಿಲು ತೆಗೆದು ಊದಿನಕಡ್ಡಿ ಹಚ್ಚುತ್ತಿರಬಹುದು ಅಂತಲೂ ಅನ್ನಿಸಿ ಭಾರೀ ಸಿಟ್ಟು ಬಂತು.

ವಸ್ತಾದರು ಏಳಲಿಲ್ಲ. ಸೊಂಟದ ಮೇಲುಗಡೆ, ಎರಡೂ ಪಕ್ಕಕ್ಕೆ, ಹಸ್ತ ಇಟ್ಟು ಹೇಳಿದರು: "ಎದಿ ಬಿಟ್ಟಬಿಡು. ಅದು ನೆಲಕ್ಕ ಹತ್ತೇತಿ, ಉಬ್ಬಂಗಿಲ್ಲ. ನನ್ನ ಕೈ ಎಲ್ಲೈತಿ, ಅಲ್ಲಿಗೆ ಉಸ್ರು ಕಳಸು. ಮುಂದ ಗ್ವಾಡಿ ಬಂತಂದ್ರ ಹಿತ್ತಲ ಬಾಗಲಾ ತಗೀಬೇಕು."

ಹೇಗೆ ಕಳಿಸಿದೆನೋ ಇವತ್ತಿಗೂ ಗೊತ್ತಿಲ್ಲ. ಪಕ್ಕೆಗಳು ಬದಿಗೆ ಸರಿದು ಅವರ ಹಸ್ತಗಳನ್ನು ದೂಡಿದವು, ಬೆನ್ನು ಅವರನ್ನು ಹೊತ್ತುಕೊಂಡೇ ಒಂದಿಷ್ಟು ಮೇಲೆದ್ದಿತು, ಗಾಳಿ ಬಂತು. ಹೆಸರು ಹೇಳಿದೆ. ಅವರು ಕೂತಲ್ಲಿಂದಲೇ ನಮ್ಮವ್ವನ ತವರು ಯಾವುದು, ಕಾಲೇಜಿನಲ್ಲಿ ಏನು ಕಲಿಸುತ್ತಾರೆ, ರೊಟ್ಟಿ ಎಷ್ಟು ತಿನ್ನುತ್ತೀ ಎಂದೆಲ್ಲ ಆರಾಮಾಗಿ ವಿಚಾರಿಸಿದರು. ನಾನು ಮಣ್ಣು ಉಗುಳುತ್ತ ಉತ್ತರ ಕೊಟ್ಟೆ. ಒಂದು ತಿಂಗಳಿನಲ್ಲಿ ಕಾಲೇಜಿನ ಮೆಟ್ಟಿಲು ಹತ್ತುವಾಗ ಏದುಸಿರು ನಿಂತುಹೋಯಿತು. ಮೈಮೇಲೆ ಕೂತು ಉಸಿರು ಕಟ್ಟಿಸಿದರೆ ಉಸಿರು ಬರುತ್ತದೆ ಎಂಬುದು ನನ್ನ ತಲೆಗೆ ಹೋಗದ ಮೊದಲ ಸಂಗತಿ. ಅವರ ವಿಷಯದಲ್ಲಿ ಮುಂದೆ ತಲೆಗೆ ಹೋಗದವು ಇನ್ನೂ ಬಂದವು.

ಅವರ ಹೆಸರು ಬರೆಯುವುದಿಲ್ಲ. ಓಣಿಯಲ್ಲಿ ಅದನ್ನು ಬಳಸುವವರೂ ಇರಲಿಲ್ಲ, ಸಣ್ಣವರು ದೊಡ್ಡವರು ಎಲ್ಲರಿಗೂ ಅವರು ವಸ್ತಾದರು. ಶಿರಗುಪ್ಪಿಯಲ್ಲಿ ಒಂದಿಷ್ಟು ಹೊಲ ಪಾಲಿಗೆ ಕೊಟ್ಟಿದ್ದರು, ಅಲ್ಲೇ ಎರಡು ಎಮ್ಮೆ ಇದ್ದವು. ಮಕ್ಕಳಿರಲಿಲ್ಲ. ಹೆಂಡತಿಯನ್ನು ನಾವು ಕಾಕಿ ಎಂದು ಕರೆಯುತ್ತಿದ್ದೆವು. ಗಂಡನ ಭುಜದವರೆಗೂ ಬರದ ಸಣ್ಣ ಜೀವ, ಮಾತು ಮಾತ್ರ ಖಡಕ್. ತಾಲೀಮಿನಿಂದ ಮಣ್ಣು ಮೆತ್ತಿಕೊಂಡು ಮನೆಗೆ ಬಂದರೆ ಇಂಥ ಗಂಡನನ್ನೂ ಹೊಸ್ತಿಲ ಹೊರಗೇ ನಿಲ್ಲಿಸಿ ನೀರು ಸುರುವುತ್ತಿದ್ದಳು.

ಈ ಮನುಷ್ಯನ ವಿಚಿತ್ರ ನೋಡಿ. ತಾಲೀಮಿನಲ್ಲಿ ಅಂಗಾತ ಮಲಗಿ ನಾಲ್ಕು ಜನ ಹುಡುಗರನ್ನು ಎದೆ ಹೊಟ್ಟೆಗಳ ಮೇಲೆ ಕೂಡ್ರಿಸಿಕೊಂಡು ಊರ ಸುದ್ದಿ ಹೇಳುತ್ತಿದ್ದ ಅವರಿಗೆ ಅಂಗಿಯ ಕೊರಳ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಕೈಗಡಿಯಾರ ಕಟ್ಟುತ್ತಿರಲಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ರುಮಾಲು ಸುತ್ತಲು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ಗದ್ದಲ ಕಂಡರೆ ಹತ್ತುತ್ತಲೇ ಇರಲಿಲ್ಲ. ಒಮ್ಮೆ ನಾನು ಬಲವಂತದಿಂದ ಹತ್ತಿಸಿದೆ. ನವನಗರ ದಾಟುವ ಮೊದಲೇ ಬೆವತು, ಬಿಳಿಚಿಕೊಂಡು, "ತಮ್ಮಾ, ಇಳಸೋ, ಉಸ್ರು ಹತ್ತವಲ್ದು" ಎಂದರು. ಇಳಿದು ರಸ್ತೆಯ ಬದಿ ಬೇವಿನ ಗಿಡದ ಕೆಳಗೆ ಕೂತೆವು.

"ನಾಕ ಮಂದಿ ಎದಿ ಮ್ಯಾಲ ಕುಂತ್ರ ಏನೂ ಆಗಂಗಿಲ್ಲ ನಿಮಗ. ಬಸ್ಸಿನ್ಯಾಗ ಒಂದ ಭುಜಾ ತಾಗಿದ್ರ ಹಿಂಗ್ಯಾಕ್ರಿ?" ಎಂದೆ.

ಅವರು ಅಂಗೈಯಿಂದ ಮುಖದ ಬೆವರು ಒರೆಸಿಕೊಂಡರು. "ಅವ್ರು ಕೇಳಿ ಕುಂದರ್ತಾರ, ಇವ್ರು ಕೇಳದ ಬೀಳ್ತಾರ" ಎಂದರು. ಆಮೇಲೆ ತಮಗೇ ಅದು ಸರಿ ಕಾಣದೆ, "ಹಂಗೂ ಅಲ್ಲ ಬಿಡು. ನನಗೂ ತಿಳಿಯಂಗಿಲ್ಲ" ಎಂದುಬಿಟ್ಟರು.

ನಾನು ಮುಂದೆ ಕೇಶ್ವಾಪುರದ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದೆ. ಉಸಿರಾಟದ ಪಾಠಕ್ಕೆ ನಮ್ಮಲ್ಲೊಂದು ಮಾದರಿಯಿತ್ತು. ಗಾಜಿನ ಜಾಡಿಯೊಳಗೆ ಎರಡು ಬಲೂನು, ಕೆಳಗೆ ರಬ್ಬರಿನ ಹಾಳೆ. ಹಾಳೆ ಜಗ್ಗಿದರೆ ಬಲೂನು ಉಬ್ಬುತ್ತವೆ, ಒತ್ತಿದರೆ ಕುಗ್ಗುತ್ತವೆ. ಇಷ್ಟೇ ಉಸಿರಾಟ, ಬರೆದುಕೊಳ್ಳಿ ಎಂದು ಹೇಳುತ್ತಿದ್ದೆ. ನನಗೆ ಅಂಥ ಪಾಠ ಇಷ್ಟ. ಪ್ರಶ್ನೆಗೆ ಒಂದು ಉತ್ತರ ಇರಬೇಕು, ಉತ್ತರದ ಕೆಳಗೆ ಗೆರೆ ಎಳೆಯುವ ಹಾಗಿರಬೇಕು. ಒಂದು ದಿನ ಶಾಲೆಯ ಕಡೆ ಬಂದಿದ್ದ ವಸ್ತಾದರಿಗೆ ಆ ಜಾಡಿ ತೋರಿಸಿದೆ. ಅವರು ಬಲೂನುಗಳನ್ನು ಬಹಳ ಗೌರವದಿಂದ ನೋಡಿ, "ಇವು ಗುರ್ದಾ ಹೌದಿಲ್ಲೋ?" ಎಂದರು. ಗುರ್ದಾ ಅಂದರೆ ಮೂತ್ರಪಿಂಡ. ಎದೆಗೂಡಿನ ಒಳಗಿನ ಜ್ಞಾನ ಅವರಿಗಿದ್ದದ್ದು ಇಷ್ಟು.

ಆದರೂ ಅರ್ಧ ಕಮರಿಪೇಟೆಯ ಎಲುಬು ಕಟ್ಟಿದವರು ಅವರೇ. ಕುಸ್ತಿಯ ಹುಡುಗರು ಕಡಿಮೆಯಾಗಿ, ಕನ್ನಡಿ ಹಾಕಿದ ಜಿಮ್ಮುಗಳು ಊರ ತುಂಬ ಬಂದಮೇಲೆ, ತಾಲೀಮಿಗೆ ಬರುವವರಲ್ಲಿ ಕೈಕಾಲು ಉಳುಕಿದವರೇ ಹೆಚ್ಚು. ಪಕ್ಕೆಲುಬು ಮುರಿದುಕೊಂಡು ಬಂದವನನ್ನು ಕೂಡ್ರಿಸಿ, ಉದ್ದಿನ ಹಿಟ್ಟಿಗೆ ತತ್ತಿಯ ಬಿಳಿ ಕಲಸಿ ಹಚ್ಚಿ, ಹಳೆಯ ಧೋತರ ಉದ್ದಕ್ಕೆ ಹರಿದು ಇಟ್ಟುಕೊಳ್ಳುವರು. ಆಮೇಲೆ ಅವನ ಕಿವಿಯ ಹತ್ತಿರ ಬಾಗಿ, "ಉಸ್ರು ಬಿಡು. ಇನ್ನೂ ಬಿಡು. ಎಲ್ಲಾ ಬಿಡು" ಎನ್ನುವರು. ಅವನ ಎದೆ ಪೂರ್ತಿ ಇಳಿದ ಹೊತ್ತಿಗೆ ಪಟ್ಟಿ ಬಿಗಿದುಬಿಡುವರು. ಅಳುತ್ತ ಬಂದವರು "ಹಾ, ಈಗ ಆರಾಮಾತು" ಎಂದು ಹೋಗುವುದನ್ನು ನಾನೇ ನೋಡಿದ್ದೇನೆ.

"ಉಸಿರು ಖಾಲಿ ಆದಾಗ ಕಟ್ಟಿದ್ರ ಮತ್ತ ತುಂಬೂದು ಹ್ಯಾಂಗ್ರಿ? ಎದಿ ಉಬ್ಬಾಕ ಜಾಗಾನ ಇಲ್ಲಲ್ಲ" ಎಂದು ವಾದ ಮಾಡುತ್ತಿದ್ದೆ.

"ಉಬ್ಬಿದ್ರ ಮುರಿದ ಎಲಬು ಚುಚ್ಚತೈತಿ. ಚುಚ್ಚಿದ್ರ ಅಂವ ಉಸ್ರ ತಗೊಳ್ಳಂಗಿಲ್ಲ. ನಾ ಉಬ್ಬಲಾರದಂಗ ಕಟ್ಟೇನಿ, ಅದಕ್ಕ ಅಂವ ಉಸ್ರು ತಗೊಳ್ಳಾಕತ್ತಾನ."

ಮನೆಗೆ ಬಂದು ಈ ಮಾತನ್ನು ಹಿಂದೆ ಮುಂದೆ ತಿರುವಿ ನೋಡಿದೆ. ಒಂದು ಕಡೆಯಿಂದ ನೋಡಿದರೆ ಅದು ಸರಿ, ಇನ್ನೊಂದು ಕಡೆಯಿಂದ ನೋಡಿದರೆ ಶುದ್ಧ ತಪ್ಪು.

ವಾದ ವಾದವಾಗಿಯೇ ಉಳಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಅವರಿಗೆ ಎಪ್ಪತ್ತು ದಾಟಿದ್ದ ಒಂದು ವರ್ಷ, ಸುಗ್ಗಿ ಮುಗಿದ ಮೇಲೆ, ಶಿರಗುಪ್ಪಿಯಲ್ಲಿ ಎಮ್ಮೆಯೊಂದು ಅವರನ್ನು ಗೋಡೆಗೆ ಒತ್ತಿತು. ಹಾಯಲಿಲ್ಲ, ಒದೆಯಲೂ ಇಲ್ಲ. ಮೇವು ಹಾಕಲು ಪಕ್ಕದಲ್ಲಿ ನುಗ್ಗಿದಾಗ ಸುಮ್ಮನೆ ಮೈ ಒರಗಿಸಿತು. ನಾಲ್ಕು ಜನ ಪೈಲವಾನರನ್ನು ಹೊತ್ತ ಎದೆಯಲ್ಲಿ ಎಡಗಡೆಯ ಪಕ್ಕೆಲುಬುಗಳು ಮುರಿದವು. ಅವರು ಅಲ್ಲೇ ನಿಂತು, ತಮ್ಮ ಉಸಿರು ತಾವೇ ಪೂರ್ತಿ ಬಿಟ್ಟು, ಹೆಗಲ ಮೇಲಿನ ಧೋತರದಿಂದ ಎದೆ ಬಿಗಿದುಕೊಂಡು, ಟೆಂಪೋ ಹತ್ತಿ ಹುಬ್ಬಳ್ಳಿಗೆ ಬಂದರು.

ಆಸ್ಪತ್ರೆಗೆ ಸೇರಿಸಿದವನು ನಾನು. ಅಲ್ಲಿದ್ದ ಡಾಕ್ಟರು ಧಾರವಾಡದ ಕಡೆಯ ಹೆಣ್ಣುಮಗಳು. ಸಾವಧಾನದ ಮಾತು, ಯಾರಿಗೂ ಸಿಟ್ಟು ಬರಿಸುವವಳಲ್ಲ. ಎಕ್ಸ್‌ರೇ ಫೋಟೋ ನೋಡಿ ಮೊದಲು ಮಾಡಿದ ಕೆಲಸವೆಂದರೆ ಆ ಕಟ್ಟನ್ನು ಕತ್ತರಿಯಿಂದ ಕತ್ತರಿಸಿದ್ದು.

ಬಟ್ಟೆ ಬಿಚ್ಚಿದ ಕೂಡಲೇ ವಸ್ತಾದರ ಬಾಯಿ ತೆರೆದೇ ಉಳಿಯಿತು. ಒಳಗೆ ಹೊರಟ ಉಸಿರು ನೋವಿಗೆ ತಾಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಕಾಕಿ ಡಾಕ್ಟರ ಕೈ ಹಿಡಿದಳು. "ಏನ ಮಾಡಿದ್ರೆವ್ವಾ? ಕಟ್ಟಿದಾಗ ಆರಾಮಿದ್ರು."

"ಕಟ್ಟಿದ್ರ ನೋವು ಕಡಿಮಿ ಆಗ್ತದ, ಖರೇ ಅಜ್ಜಿ" ಎಂದು ಡಾಕ್ಟರು ಸಮಾಧಾನದಿಂದ ಹೇಳಿದರು. "ಹಿಂದಕ್ಕ ನಾವೂ ಕಟ್ತಿದ್ವಿ. ಆದ್ರ ಕಟ್ಟಿದಾಗ ಮ್ಯಾಲ ಮ್ಯಾಲ ಅಷ್ಟ ಉಸಿರಾಡ್ತಾರ. ಲಂಗ್ಸ್‌ ತಳಕ್ಕ ಗಾಳಿ ಹೋಗೂದಿಲ್ಲ, ಕಫ ಅಲ್ಲೇ ಕೂಡ್ತದ, ನ್ಯುಮೋನಿಯಾ ಆಗ್ತದ. ಈ ವಯಸ್ಸಿನಾಗ ಅದು ಬಂದ್ರ ಉಳಿಸೂದು ಕಷ್ಟ. ನೋವಿಗೆ ಔಷಧ ಕೊಡ್ತೀನಿ. ಅಜ್ಜಾರು ಉಸಿರು ಜಗ್ಗಬೇಕು, ಕೆಮ್ಮಬೇಕು. ಕಟ್ಟಬ್ಯಾಡ್ರಿ."

ವಸ್ತಾದರು ಡಾಕ್ಟರಮ್ಮನನ್ನು ಬಾಯಾರು ಎಂದು ಕರೆದು ತುಂಡು ತುಂಡಾಗಿ ಮಾತಾಡಿದರು. "ನೋವಿದ್ರ... ಉಸ್ರು ಜಗ್ಗಾಕ... ಹ್ಯಾಂಗ ಬರತೈತಿ ಬಾಯಾರ?"

ನಾನು ಆ ಇಬ್ಬರ ನಡುವೆ ನಿಂತು ಇಬ್ಬರಿಗೂ ತಲೆಯಾಡಿಸಿದೆ. ಇಬ್ಬರ ಮಾತೂ ಸರಿ ಎಂದು ತೋರಿತು. ಇಬ್ಬರೂ ಸರಿಯಾಗಿದ್ದರೆ ಮಾಡಬೇಕಾದದ್ದೇನು ಎಂದು ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ಕಾಕಿ ಕೇಳಿಯೇಬಿಟ್ಟಳು. ಮನೆಗೆ ಕಳಿಸುವ ಹಿಂದಿನ ದಿನ ನನ್ನನ್ನು ಆಸ್ಪತ್ರೆಯ ಪಡಸಾಲೆಗೆ ಕರೆದು, "ನೀ ಸಾಲಿ ಕಲಸಾಂವ. ಯಾವುದು ಖರೇ ಹೇಳು. ಮನಿಗೆ ಹೋದ ಮ್ಯಾಲ ಇವರು ಕಟ್ಟು ಅಂತಾರ. ಬಾಯಾರು ಬ್ಯಾಡ ಅಂದಾರ. ಕಟ್ಟೂ ಕೈ ನಂದು. ಕಟ್ಟಿ ಏನರ ಆತು ಅಂದ್ರ ನಾ ಏನ ಮಾಡ್ಲಿ? ಕಟ್ಟದ ಏನರ ಆದ್ರ?" ಎಂದಳು.

"ಡಾಕ್ಟರ್ ಹೇಳಿದ್ದ ಖರೇ ಕಾಕಿ" ಎಂದೆ. ಧ್ವನಿಯಲ್ಲಿ ಬಲ ಇರಲಿಲ್ಲ, ಅದು ಅವಳಿಗೆ ತಿಳಿಯಿತು.

ಆ ರಾತ್ರಿ ನಮ್ಮ ಮನೆಗೆ ಬಂದು ಹೆಂಡತಿಯ ಹಳೇ ಸೀರೆ ತೆಗೆದುಕೊಂಡು, ಉಸಿರು ಪೂರ್ತಿ ಬಿಟ್ಟು, ಅವಳ ಕೈಯಿಂದ ನನ್ನ ಎದೆಗೆ ಬಿಗಿಯಾಗಿ ಸುತ್ತಿಸಿಕೊಂಡೆ. ಮೊದಲು ಬಹಳ ಹಿತವಾಯಿತು. ಬೆನ್ನು ನೆಟ್ಟಗಾಯಿತು, ಯಾರೋ ದೊಡ್ಡವರು ಹಿಡಿದುಕೊಂಡಂತೆ ಧೈರ್ಯ ಬಂತು. ಹಾಗೇ ಮಾಳಿಗೆ ಹತ್ತಿದೆ. ಅರ್ಧ ಮೆಟ್ಟಿಲಿಗೇ ಉಸಿರು ಸಾಲದೆ ಕೂತುಬಿಟ್ಟೆ. ಹೆಂಡತಿ ಕೆಳಗೆ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಬಿಚ್ಚಲೇನ್ರಿ?" ಎಂದಳು. ಬಿಚ್ಚಬೇಕೆಂದೂ ಅನ್ನಿಸಿತು, ಬೇಡವೆಂದೂ ಅನ್ನಿಸಿತು.

ವಸ್ತಾದರು ಆಸ್ಪತ್ರೆಯಿಂದ ಮನೆಗೆ ಬಂದಮೇಲೆ ಕೆಲವು ದಿನ ಚೆನ್ನಾಗಿಯೇ ನಡೆಯಿತು. ಕೆಮ್ಮು ಬಂದಾಗ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಬೇಕು, ನೋವು ತಡೆಯುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ವಸ್ತಾದರು ದಿಂಬು ಮುಟ್ಟಲಿಲ್ಲ. "ಕೂಸಿನ್ನ ಎತಗೊಂಡಂಗ ಎತಗೊಂಡು ಕುಂದರ್ಲೇನು?" ಎಂದು ಮುಖ ತಿರುವಿದರು. ಆಗ ಕಾಕಿ ಮಂಚದ ಮೇಲೆ ಹತ್ತಿ ಅವರ ಬೆನ್ನ ಹಿಂದೆ ಕೂತು, ತನ್ನೆರಡೂ ಹಸ್ತಗಳನ್ನು ಅವರ ಎಡಪಕ್ಕಕ್ಕೆ ಒತ್ತಿ ಹಿಡಿದಳು. "ಹೂಂ, ಕೆಮ್ಮರಿ." ಕೆಮ್ಮಿದರು, ಕಫ ಬಂತು. ಕೆಮ್ಮು ಮುಗಿದ ಕೂಡಲೇ ಕೈ ತೆಗೆದಳು. ಮರುವಾರ ತೋರಿಸಲು ಹೋದಾಗ ಈ ಸಂಗತಿ ಕೇಳಿ ಡಾಕ್ಟರಿಗೆ ಬಹಳ ಸಂತೋಷವಾಯಿತು. ಒತ್ತುವುದೂ ಆಯಿತು, ಬಿಡುವುದೂ ಆಯಿತು. ಎಲ್ಲರೂ ಗೆದ್ದೆವು ಎಂದುಕೊಂಡು ನಾನು ಶಾಲೆಗೆ ಹೋದೆ.

ಆಮೇಲೆ ಜ್ವರ ಬಂತು. ನೋಡಲು ಹೋದಾಗ ಅವರು ಮಡಿಸಿದ ಕೌದಿಗಳಿಗೆ ಒರಗಿ ಕೂತಿದ್ದರು, ಮಲಗಲು ಆಗುತ್ತಿರಲಿಲ್ಲ. ಬರೀ ಎದೆ ಲಗೂ ಲಗೂ ಏಳುತ್ತಿತ್ತು, ಬೀಳುತ್ತಿತ್ತು. ಉಸಿರಿಗೆಂದು ನನಗೆ ಹಿತ್ತಲ ಬಾಗಿಲು ತೋರಿಸಿಕೊಟ್ಟ ಮನುಷ್ಯನನ್ನು ಹಾಗೆ ನೋಡಿ ಅಳು ಬಂತು.

"ನೀನರ ಕಟ್ಟೋ ತಮ್ಮಾ" ಎಂದರು. "ಆಕಿ ಅಂಜತಾಳ."

"ಬಾಯಾರನ್ನ ಕೇಳಿ ಬರ್ತೇನ್ರಿ."

ನಕ್ಕರು, ನಕ್ಕದ್ದು ನೋವಾಗಿ ಮುಖ ಕಿವುಚಿದರು. ಡಾಕ್ಟರನ್ನು ಹೋಗಿ ಕೇಳಿದೆ. ಅವರು ಕಟ್ಟಿನ ಮಾತೇ ಆಡಲಿಲ್ಲ, ತಡ ಮಾಡದೆ ಕರೆದುಕೊಂಡು ಬನ್ನಿ ಎಂದರು. ವಸ್ತಾದರು ಇವತ್ತು ಬೇಡ, ನಾಳೆ ಮುಂಜಾನೆ ಹೋಗೋಣ ಎಂದು ಹಟ ಹಿಡಿದರು. ಅವರ ಹಟವನ್ನು ಯಾರೂ ಗೆದ್ದಿರಲಿಲ್ಲ.

ಮರುದಿನ ಮುಂಜಾನೆ ನಾನು ರಿಕ್ಷಾ ತೆಗೆದುಕೊಂಡು ಓಣಿಯೊಳಗೆ ಹೋಗುವಷ್ಟರಲ್ಲಿ ಮನೆಯ ಮುಂದೆ ಜನ ನಿಂತಿದ್ದರು.

ನಮ್ಮ ಮಂದಿಯಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಮೈ ಸೆಟೆಯುವ ಮೊದಲೇ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕಾಲು ಮಡಿಸಿ ಗೋಡೆಗೆ ಒರಗಿಸಿ ಕೂಡ್ರಿಸುತ್ತಾರೆ. ಮುಂದಕ್ಕೆ ಬಾಗದ ಹಾಗೆ ಎದೆಗೆ ಬಟ್ಟೆ ಹಾಯಿಸಿ ಹಿಂದಿನ ಗೂಟಕ್ಕೆ ಕಟ್ಟುತ್ತಾರೆ. ಮಣ್ಣಿಗೂ ಕೂತೇ ಹೋಗುವುದು. ತಾಲೀಮಿನ ಹಳೆಯ ಶಿಷ್ಯರೆಲ್ಲ ಬಂದಿದ್ದರು. ಒಬ್ಬ ಪೈಲವಾನ ಬಿಳಿ ಬಟ್ಟೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು, ವಸ್ತಾದರು ಕಲಿಸಿದ ಹಾಗೇ ಬಿಗಿಯಾಗಿ ಜಗ್ಗಿದ.

ಗೋಡೆಯ ಹತ್ತಿರ ಹೆಂಗಸರ ನಡುವೆ ಕೂತಿದ್ದ ಕಾಕಿ ಎದ್ದು ಬಂದಳು. "ಭಾಳ ಬಿಗಿ ಆತು. ಸಡಲ ಮಾಡ್ರಿ."

"ಸಡಲ ಮಾಡಿದ್ರ ಮುಂದಕ್ಕ ಬೀಳ್ತಾರ ಕಾಕಿ" ಎಂದ ಪೈಲವಾನ. ಆಮೇಲೆ ಅವಳ ಮುಖ ನೋಡಿ, ಬಟ್ಟೆ ನನ್ನ ಕೈಗೇ ಬಿಟ್ಟು ಹೊರಗೆ ಹೋದ.

ಕಾಕಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು. "ನಿನ್ನಿ ಸಂಜೀಕ ನಾನ ಕಟ್ಟಿದ್ನೆಪಾ. ಕೈ ಮುಗದು ಕೇಳಿದ್ರು. ಕಟ್ಟಿದ ಮ್ಯಾಲ ಹಾ ಅಂದ್ರು, ಎಷ್ಟೋ ದಿನದ ಮ್ಯಾಲ ಛಲೋ ನಿದ್ದಿ ಮಾಡಿದ್ರು. ಮುಂಜಾನೆ ದವಾಖಾನಿಗೆ ಹೋಗೂದೈತಲ್ಲ, ಬಾಯಾರು ಬೈತಾರ ಅಂತ ಬಿಚ್ಚಿದೆ. ಬಿಚ್ಚಿ ಬಟ್ಟಿ ಮಡಚಿ ಇಡೂದ್ರಾಗ..." ಅವಳು ನನ್ನ ರಟ್ಟೆ ಹಿಡಿದಳು. "ಕಟ್ಟಿದ್ದಕ್ಕ ಹೋದ್ರೋ, ಬಿಚ್ಚಿದ್ದಕ್ಕ ಹೋದ್ರೋ? ಖರೇ ಹೇಳು."

ಎರಡಕ್ಕೂ ಅಲ್ಲ, ಜ್ವರಕ್ಕೆ ಹೋದರು ಎಂಬ ಉತ್ತರ ನನ್ನ ಬಾಯಿಯವರೆಗೆ ಬಂದಿತ್ತು. ಅದು ಒಳ್ಳೆಯ ಉತ್ತರ, ಬಹುಶಃ ನಿಜವೂ ಇರಬಹುದು. ಆದರೆ ಅವಳು ಕೇಳಿದ್ದು ಖರೇ ಮಾತು, ಅದು ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ.

"ನನಗ ಗೊತ್ತಿಲ್ಲ ಕಾಕಿ" ಎಂದೆ.

ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. "ಯಾರಿಗೂ ಗೊತ್ತಿಲ್ಲ ಹಂಗಾರ" ಎಂದು ನಿಧಾನವಾಗಿ ಹೇಳಿ, ಹಿಡಿದ ರಟ್ಟೆ ಬಿಟ್ಟಳು.

ನಾನು ಬಟ್ಟೆ ಸಡಿಲಿಸಿದೆ. ಅವರ ಮೈ ಎಡಕ್ಕೆ ವಾಲಿತು. ಕಾಕಿ ತಟ್ಟನೆ ಆ ಪಕ್ಕಕ್ಕೆ ಕೂತು, ಎರಡೂ ಕೈಯಿಂದ ಅವರನ್ನು ಬಳಸಿ ಹಿಡಿದು, ಅಷ್ಟು ದೊಡ್ಡ ದೇಹವನ್ನು ತನ್ನ ಮೇಲೆ ಒರಗಿಸಿಕೊಂಡಳು. ಅವಳ ಮುಖ ಕೆಂಪಾಯಿತು, ಉಸಿರು ಸಣ್ಣದಾಯಿತು. ಹೆಂಗಸರು ಬಿಡಿಸಲು ಬಂದರೆ ತಲೆ ಅಲ್ಲಾಡಿಸಿದಳು. ಹೊರಗೆ ಭಜನೆಯವರು ಬಂದು ಕೂತರು.

"ಭಾರ ಆಗತೈತಿ ಕಾಕಿ, ನಾ ಹಿಡೀತೇನಿ, ಬಿಡ್ರಿ" ಎಂದೆ.

"ಆಗತೈತಿ" ಎಂದಳು. "ಇರ್ಲಿ."